ಗ್ರೈಂಡರ್ ಎತ್ತಬೇಡಿ, ಎಳೆಯಿರಿ: ಅಡುಗೆ ಕಟ್ಟೆ ಖಾಲಿ ಮಾಡುವ ಬಗೆ

ಮುದ್ದೆಯನ್ನು ಬಿಸಿ ಇರುವಾಗಲೇ ಕಟ್ಟಬೇಕು. ಆರಿದರೆ ಬಿರುಕು ಬಿಡುತ್ತದೆ. ಹೋದ ವರ್ಷ ಒಂದು ರಾತ್ರಿ ನಮ್ಮತ್ತೆ ಹಿಟ್ಟು ತಿರುವಿ ಪಾತ್ರೆ ಇಳಿಸಿದರು, ಕೈ ಒದ್ದೆ ಮಾಡಿಕೊಂಡರು, ಆಮೇಲೆ ಮಣೆ ಇಡೋಕೆ ಜಾಗ ಹುಡುಕುತ್ತಾ ನಿಂತರು. ಕಟ್ಟೆಯ ಒಂದು ಮೂಲೆಯಲ್ಲಿ ಗ್ರೈಂಡರ್, ಅದರ ಪಕ್ಕ ಮೈಕ್ರೋವೇವ್, ಈ ಕಡೆ ಮಿಕ್ಸಿ ಮತ್ತು ಅದರ ಮೂರು ಜಾರ್, ಇಂಡಕ್ಷನ್ ಒಲೆ, ರೈಸ್ ಕುಕ್ಕರ್. ಒಲೆಗೂ ಸಿಂಕಿಗೂ ನಡುವೆ ಉಳಿದಿದ್ದು ಒಂದು ತಟ್ಟೆ ಇಡುವಷ್ಟು ಜಾಗ, ಅಲ್ಲಿ ಸಾರಿನ ಪಾತ್ರೆ ಕೂತಿತ್ತು. "ಎಲ್ಲಮ್ಮ ಜಾಗ ಇದೆ ಇಲ್ಲಿ?" ಅಂದರು. ಕೊನೆಗೆ ನಾನು ಮಣೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತೆ, ಅವರು ಅದರ ಮೇಲೆಯೇ ಮುದ್ದೆ ಕಟ್ಟಿದರು.

ನಮ್ಮದು ತುಮಕೂರಿನಲ್ಲಿ ಬಾಡಿಗೆ ಮನೆ. ಅಡುಗೆ ಮನೆ ಎಂಟಡಿ ಉದ್ದ, ಏಳಡಿ ಅಗಲ. ಕಟ್ಟೆ ಎರಡು ಗೋಡೆಗೆ ಅಂಟಿಕೊಂಡಿದೆ, ಆದರೆ ಒಲೆ, ಸಿಂಕು, ನೀರಿನ ಫಿಲ್ಟರ್ ಬಿಟ್ಟರೆ ಕೆಲಸಕ್ಕೆ ಸಿಗುವುದು ಐದಡಿಯೂ ಇಲ್ಲ. ಆ ಐದಡಿಯನ್ನೂ ಮಿಷನ್ನುಗಳು ತಿಂದುಹಾಕಿದ್ದವು. ಆ ರಾತ್ರಿ ಆದಮೇಲೆ ಎರಡು ತಿಂಗಳು ಹಿಡಿದು ಎಲ್ಲವನ್ನೂ ಬೇರೆ ಬೇರೆ ಕಡೆ ಇಟ್ಟು ನೋಡಿದೆ. ಕೆಲವು ಸಲ ತಪ್ಪಾಯಿತು, ಸೊಂಟ ಹಿಡಿಯಿತು, ಒಂದು ಸಲ ಗಾಜು ಒಡೆಯಿತು. ಈಗ ಒಂದು ವ್ಯವಸ್ಥೆ ಸರಿಯಾಗಿ ಕೂತಿದೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಟ್ಟೆ ಖಾಲಿ ಆಗಬೇಕು ಅಂತ ಎಲ್ಲರೂ ಮಾಡುವುದು ಒಂದೇ ಕೆಲಸ, ಭಾರದ ಸಾಮಾನನ್ನು ಕೆಳಗಿನ ಕಬೋರ್ಡಿಗೆ ತುರುಕುವುದು. ಎರಡು ವಾರ ಕಟ್ಟೆ ಚೆನ್ನಾಗಿ ಕಾಣುತ್ತದೆ. ಆಮೇಲೆ ದೋಸೆಗೆ ರುಬ್ಬಬೇಕಾದಾಗ ಬಗ್ಗಿ, ಒಳಗಿಂದ ಎಳೆದು, ಎತ್ತಿ ಮೇಲಿಡಬೇಕು. ಮೂರನೇ ಸಲಕ್ಕೆ ಬೇಜಾರಾಗಿ ಅದು ಮತ್ತೆ ಕಟ್ಟೆ ಮೇಲೆಯೇ ಉಳಿಯುತ್ತದೆ. ಅದಕ್ಕೇ ಭಾರದ ಸಾಮಾನನ್ನು ಎತ್ತುವ ಹಾಗೆ ಇಡಲೇಬೇಡಿ. ಎಳೆದರೆ ಬರಬೇಕು, ಬಂದ ಜಾಗದಲ್ಲೇ ಕೆಲಸ ಮಾಡಬೇಕು, ತಳ್ಳಿದರೆ ಒಳಗೆ ಹೋಗಬೇಕು. ಈ ಮೂರು ಆಗುವಂತಿದ್ದರೆ ಮಾತ್ರ ಅದನ್ನು ಕಟ್ಟೆಯಿಂದ ಇಳಿಸಿ.

ಮೊದಲು ತೂಕ ಹಾಕಿ

ಮನೆಯಲ್ಲಿ ಮೈತೂಕ ನೋಡುವ ಮಿಷನ್ ಇದ್ದರೆ ಸಾಕು. ಮೊದಲು ಸುಮ್ನೆ ನಿಂತು ತೂಕ ನೋಡಿ, ಆಮೇಲೆ ಸಾಮಾನು ಹಿಡಿದು ನಿಂತು ನೋಡಿ, ಕಳೆಯಿರಿ. ಗ್ರೈಂಡರನ್ನು ಹಾಗೆ ಹಿಡಿದುಕೊಂಡು ಹತ್ತಬೇಡಿ. ಕಲ್ಲು ಬೇರೆ, ಪಾತ್ರೆ ಬೇರೆ, ಬುಡ ಬೇರೆ ತೂಗಿ ಕೂಡಿಸಿ. ಮಿಕ್ಸಿ ಜಾರ್ ಬಿಟ್ಟು ಮೂರರಿಂದ ಐದು ಕೆಜಿ ಬರುತ್ತದೆ. ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ಕಂಪನಿ ನೋಡಿಕೊಂಡು ಹತ್ತರಿಂದ ಹದಿನೈದು ಕೆಜಿ ಆಗುತ್ತದೆ. ಚಿಕ್ಕ ಮೈಕ್ರೋವೇವ್ ಹತ್ತು ಹನ್ನೊಂದು ಕೆಜಿ, ಕನ್ವೆಕ್ಷನ್ ಇರುವ ದೊಡ್ಡದು ಅದಕ್ಕಿಂತ ಸಾಕಷ್ಟು ಜಾಸ್ತಿ.

ಅಂದಾಜಿಗೆ ಬೇಕಾದರೆ ಗ್ಯಾಸ್ ಸಿಲಿಂಡರ್ ನೆನಪಿಸಿಕೊಳ್ಳಿ. ಮನೆ ಸಿಲಿಂಡರಿನಲ್ಲಿ ಗ್ಯಾಸ್ ಮಾತ್ರ 14.2 ಕೆಜಿ, ಖಾಲಿ ಸಿಲಿಂಡರಿನ ತೂಕವೂ ಹೆಚ್ಚುಕಡಿಮೆ ಅಷ್ಟೇ, ಅದರ ಮೇಲೆಯೇ ಬರೆದಿರುತ್ತದೆ. ಅಂದರೆ ದೋಸೆ ಹಿಟ್ಟು ರುಬ್ಬಲು ಒಂದು ದೊಡ್ಡ ಗ್ರೈಂಡರನ್ನು ಕೆಳಗಿಂದ ಎತ್ತಿ ಕಟ್ಟೆ ಮೇಲೆ ಇಡುವುದೂ ಒಂದು ಖಾಲಿ ಸಿಲಿಂಡರನ್ನು ಎತ್ತಿ ಇಡುವುದೂ ಒಂದೇ. ಹಾಗೆ ಯೋಚನೆ ಮಾಡಿದರೆ ಯಾರೂ ಅದನ್ನು ಕಬೋರ್ಡಿನ ಒಳಗೆ ಇಡುವುದಿಲ್ಲ, ಅಲ್ವಾ?

ತೂಕದ ಜೊತೆಗೆ ಎಷ್ಟು ಸಲ ಬಳಸುತ್ತೀರಿ ಅಂತಲೂ ಬರೆದಿಡಿ. ನಾನು ಅಡುಗೆ ಮನೆಯಲ್ಲಿ ತೂಗುಹಾಕಿದ ಕ್ಯಾಲೆಂಡರಿನಲ್ಲೇ ಗುರುತು ಹಾಕಿದೆ. ಮಿಕ್ಸಿಗೆ ಮಿ, ಗ್ರೈಂಡರಿಗೆ ಗ್ರೈ, ಹೀಗೆ, ಎರಡು ವಾರ. ನೋಡಿದರೆ ಮಿಕ್ಸಿ ದಿನಕ್ಕೆ ಎರಡು ಸಲ, ಗ್ರೈಂಡರ್ ವಾರಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು. ರೈಸ್ ಕುಕ್ಕರ್ ಒಂದು ಸಲವೂ ಇಲ್ಲ. ಇಂಡಕ್ಷನ್ ಒಲೆ ಎರಡೇ ಸಲ. ದಿನಾ ಬಳಸುತ್ತೇನೆ ಅಂತ ನಾನು ಅಂದುಕೊಂಡಿದ್ದ ಮೈಕ್ರೋವೇವ್ ನಾಲ್ಕು ಸಲ, ಅದೂ ಮಗನಿಗೆ ಹಾಲು ಬಿಸಿ ಮಾಡುವುದಕ್ಕೆ.

ಮಿಕ್ಸಿಯನ್ನು ಒಳಗೆ ಇಡಬೇಡಿ. ಕಟ್ಟೆ ಪೂರ್ತಿ ಖಾಲಿ ಕಾಣಬೇಕು ಅಂತ ಆಸೆ ಆಗುತ್ತದೆ, ನನಗೂ ಆಯಿತು. ಆದರೆ ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಸಾರಿಗೆ ಮಸಾಲೆ ರುಬ್ಬುವ ಮನೆಯಲ್ಲಿ ಅದು ಕೈಗೆ ಸಿಗುವ ಹಾಗೆ ಇರಲೇಬೇಕು. ಸಿಂಕಿನಿಂದ ದೂರ, ಗೋಡೆ ಮೂಲೆಗೆ ಸರಿಸಿ, ಪ್ಲಗ್ ಹತ್ತಿರ ಇಡಿ. ಜಾರ್‌ಗಳನ್ನು ಮಾತ್ರ ಕಟ್ಟೆಯಿಂದ ತೆಗೆಯಿರಿ. ದಿನಾ ಬಳಸುವ ಚಿಕ್ಕ ಜಾರ್ ಒಂದು ಮಿಕ್ಸಿ ಮೇಲೆಯೇ ಕೂತಿರಲಿ, ಉಳಿದ ಎರಡು ಮೇಲಿನ ಶೆಲ್ಫಿಗೆ ಹೋಗಲಿ. ಅಷ್ಟರಲ್ಲೇ ಒಂದಡಿ ಜಾಗ ಸಿಗುತ್ತದೆ.

ಸಜ್ಜಾ ಮೇಲೆ ಭಾರ ಬೇಡ

ನಮ್ಮ ಕಡೆ ಮನೆಗಳಲ್ಲಿ ಬಾಗಿಲ ಎತ್ತರಕ್ಕೆ ಸಜ್ಜಾ ಇದ್ದೇ ಇರುತ್ತದೆ. ಬೇಡದ್ದೆಲ್ಲ ಅಲ್ಲಿಗೆ ಹೋಗುತ್ತದೆ. ನಾವೂ ಓಟಿಜಿ ಓವನ್ನನ್ನು ಅಲ್ಲಿಟ್ಟಿದ್ದೆವು. ಮಗನ ಹುಟ್ಟುಹಬ್ಬಕ್ಕೆ ಕೇಕ್ ಮಾಡೋಣ ಅಂತ ನಮ್ಮನೆಯವರು ಪ್ಲಾಸ್ಟಿಕ್ ಸ್ಟೂಲ್ ಹತ್ತಿ ಅದನ್ನು ಇಳಿಸುತ್ತಿದ್ದರು. ಎರಡೂ ಕೈ ಓವನ್ ಮೇಲೆ, ಸ್ಟೂಲಿನ ಒಂದು ಕಾಲು ಸಿಂಕಿನ ಕಡೆ ಇಳಿಜಾರಿನಲ್ಲಿ. ಸ್ಟೂಲ್ ಅಲ್ಲಾಡಿತು. ಅವರು ಓವನ್ ಬಿಟ್ಟು ಸಜ್ಜಾ ಹಿಡಿದುಕೊಂಡರು. ಓವನ್ನಿನ ಗಾಜು ನೆಲದ ತುಂಬಾ ಚೂರಾಯಿತು, ಒಂದು ಟೈಲ್ಸ್ ಬಿರುಕು ಬಿಟ್ಟಿತು. ಮಗ ಆಗ ಹಾಲ್‌ನಲ್ಲಿದ್ದ. ಅವನು ಯಾವಾಗಲೂ ಅಪ್ಪನ ಕಾಲ ಹತ್ತಿರವೇ ನಿಲ್ಲುವವನು. ಆ ಬಿರುಕು ಇವತ್ತಿಗೂ ಇದೆ, ನೋಡಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ.

ಹೀಗಾಗಿ ನಮ್ಮ ಮನೆಯಲ್ಲಿ ಈಗ ಒಂದು ಕಟ್ಟುನಿಟ್ಟು. ಒಂದೇ ಕೈಯಲ್ಲಿ ಆರಾಮಾಗಿ ಇಳಿಸಲು ಆಗದಿದ್ದದ್ದು ಭುಜಕ್ಕಿಂತ ಮೇಲೆ ಹೋಗುವುದಿಲ್ಲ. ಇನ್ನೊಂದು ಕೈ ಹಿಡಿದುಕೊಳ್ಳಲು ಬೇಕು. ಸಜ್ಜಾ ಮೇಲೆ ದಪ್ಪ ಆದರೆ ಹಗುರ ಇರುವುದನ್ನು ಇಡಿ: ಅಲ್ಯೂಮಿನಿಯಂ ಡಬರಿ, ಇಡ್ಲಿ ಪಾತ್ರೆ, ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ತಟ್ಟೆ, ಬುಟ್ಟಿ, ಖಾಲಿ ಡಬ್ಬ. ಹಿತ್ತಾಳೆ ಕೊಳಗ, ಕಬ್ಬಿಣದ ಹೆಂಚು ಚಿಕ್ಕದಾಗಿ ಕಂಡರೂ ಭಾರ, ಅವು ಕೆಳಗಿರಲಿ.

ಭಾರದ ಸಾಮಾನಿಗೆ ಒಳ್ಳೆಯ ಎತ್ತರ ಮೊಣಕಾಲಿನಿಂದ ಸೊಂಟದ ತನಕ. ಅದರಲ್ಲೂ ಸೊಂಟದ ಹತ್ತಿರ ಇದ್ದಷ್ಟೂ ಒಳ್ಳೆಯದು. ಎತ್ತರದ ಹಾಗೆಯೇ ದೂರವೂ ಮುಖ್ಯ, ಇದನ್ನು ನಾವು ಯೋಚಿಸುವುದೇ ಇಲ್ಲ. ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ಬಗ್ಗೆ ಅಧ್ಯಯನ ಮಾಡುವ ನಿಯೋಶ್ ಅನ್ನುವ ಸರ್ಕಾರಿ ಸಂಸ್ಥೆ ಭಾರ ಎತ್ತುವುದಕ್ಕೆ ಒಂದು ಲೆಕ್ಕ ಕೊಟ್ಟಿದೆ. ಎತ್ತರ, ಹಿಡಿತ ಎಲ್ಲಾ ಸರಿಯಾಗಿದ್ದು, ಸಾಮಾನು ಮೈಗೆ ಹತ್ತಿರ, ಅಂದರೆ 25 ಸೆಂಟಿಮೀಟರ್ ಒಳಗೆ ಇದ್ದರೆ ಮಿತಿ 23 ಕೆಜಿ. ಅದೇ ಸಾಮಾನು 50 ಸೆಂಟಿಮೀಟರ್ ದೂರ ಇದ್ದರೆ ಮಿತಿ ಅರ್ಧಕ್ಕೆ ಇಳಿಯುತ್ತದೆ, ಹನ್ನೊಂದೂವರೆ ಕೆಜಿ. ನಮ್ಮ ಕಟ್ಟೆಗಳ ಆಳ ಎರಡಡಿ, ಸುಮಾರು 60 ಸೆಂಟಿಮೀಟರ್. ಕೆಳಗಿನ ಕಬೋರ್ಡಿನ ಹಿಂದಿನ ಗೋಡೆಗೆ ಅಂಟಿಸಿ ಇಟ್ಟ ಗ್ರೈಂಡರನ್ನು ಬಗ್ಗಿ, ಕೈ ಚಾಚಿ ಎತ್ತಿದರೆ ಸೊಂಟ ಯಾಕೆ ಹಿಡಿಯುತ್ತದೆ ಅಂತ ಇದರಲ್ಲೇ ಗೊತ್ತಾಗುತ್ತದೆ. ನನಗೆ ಹಿಡಿದಿದ್ದು ಹಾಗೆಯೇ. ನಾಲ್ಕು ದಿನ ಮಲಗಿದ್ದೆ, ನೀವೂ ಹಾಗೆ ಮಲಗಬಾರದು ಅಂತಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗ್ರೈಂಡರಿಗೆ ಚಕ್ರ

ಎಲ್ಲಕ್ಕಿಂತ ಜಾಸ್ತಿ ಜಾಗ ಸಿಕ್ಕಿದ್ದು ಗ್ರೈಂಡರ್ ಇಳಿಸಿದ್ದರಿಂದ. ಮಾರಿಬಿಡೋಣ, ಮಿಕ್ಸಿಯಲ್ಲೇ ರುಬ್ಬಿದರಾಯಿತು ಅಂತ ನಮ್ಮನೆಯವರು ಹೇಳಿದರು. ಅತ್ತೆ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದವರಿಗೆ ಉದ್ದು ಹೇಗೆ ಉಬ್ಬಬೇಕು ಅಂತ ಗೊತ್ತು. ಮಿಕ್ಸಿಯ ಬ್ಲೇಡ್ ಬೇಗ ತಿರುಗಿ ಹಿಟ್ಟನ್ನು ಬಿಸಿ ಮಾಡುತ್ತದೆ, ಕಲ್ಲು ನಿಧಾನಕ್ಕೆ ತಿರುಗಿ ಗಾಳಿ ಸೇರಿಸುತ್ತದೆ. ಯುಗಾದಿಗೆ ಒಬ್ಬಟ್ಟಿನ ಹೂರಣವೂ ಅದರಲ್ಲೇ ನುಣ್ಣಗೆ ಬರುವುದು.

ನಾವು ಮಾಡಿದ್ದು ಇಷ್ಟು. ಹಳೆಯ ರೀತಿಯ ಕಟ್ಟೆ ನಮ್ಮದು, ಕೆಳಗೆ ಬಾಗಿಲಿಲ್ಲದ ಖಾನೆಗಳು, ಒಂದರಲ್ಲಿ ನಡುವೆ ಕಡಪ ಕಲ್ಲಿನ ಹಲಗೆ. ಆ ಕಡಪ ಕಲ್ಲನ್ನು ಗೋಡೆಯೊಳಗೆ ಸೇರಿಸಿ ಕೂರಿಸಿರುತ್ತಾರೆ, ಜಾಗ ಬೇಕು ಅಂತ ಅದನ್ನು ಕೀಳಲು ಹೋಗಬೇಡಿ, ಅದರ ಮೇಲೆ ಏನು ನಿಂತಿದೆ ಅಂತ ನಮಗೆ ಗೊತ್ತಿರುವುದಿಲ್ಲ. ಹಲಗೆ ಇಲ್ಲದ ಖಾನೆಯನ್ನು ಆರಿಸಿ, ಅದಕ್ಕೆ ಸರಿಹೊಂದುವ ಚಕ್ರದ ಸ್ಟ್ಯಾಂಡ್ ಮಾಡಿಸಿದೆವು. ಅಂಗಡಿಯಲ್ಲಿ ರೆಡಿ ಸ್ಟ್ಯಾಂಡೂ ಸಿಗುತ್ತದೆ, ಆದರೆ ನಾನು ಮೊದಲು ತಂದ ಪ್ಲಾಸ್ಟಿಕ್ ಸ್ಟ್ಯಾಂಡ್ ಗ್ರೈಂಡರ್ ತಿರುಗುವಾಗ ನಡುಗುತ್ತಿತ್ತು. ಅದನ್ನು ಕೊಟ್ಟು, ವೆಲ್ಡಿಂಗ್ ಅಂಗಡಿಯಲ್ಲಿ ಒಂದಿಂಚಿನ ಆಂಗಲ್ ಕಬ್ಬಿಣದಲ್ಲಿ ಚೌಕಟ್ಟು ಮಾಡಿಸಿ, ಮೇಲೆ ಪ್ಲೈವುಡ್ ಹಾಕಿಸಿದೆವು.

ಅಳತೆ ತೆಗೆಯುವುದರಲ್ಲಿ ಅವಸರ ಬೇಡ. ಖಾನೆಯ ಎತ್ತರವನ್ನು ಒಳಗಡೆ ಅಳೆಯಿರಿ, ಮುಂದೆ ಮಾತ್ರ ಅಳೆದರೆ ಸಾಲದು, ಯಾಕೆಂದರೆ ಗ್ರಾನೈಟಿನ ಕೆಳಗೆ ಮುಂಭಾಗದಲ್ಲಿ ಪಟ್ಟಿ ಇಳಿದಿರಬಹುದು, ಒಳಗೆ ಸಿಂಕಿನ ಪೈಪ್ ಇರಬಹುದು. ಆಮೇಲೆ ಮುಂದೆಯೂ ಅಳೆಯಿರಿ, ಎರಡರಲ್ಲಿ ಕಡಿಮೆ ಇರುವುದೇ ಲೆಕ್ಕ. ಗ್ರೈಂಡರಿನ ಎತ್ತರವನ್ನು ಮುಚ್ಚಳ ಹಾಕಿ ಅಳೆಯಿರಿ. ಸ್ಟ್ಯಾಂಡು, ಚಕ್ರ ಎಲ್ಲಾ ಕೂಡಿಸಿದರೂ ಮೇಲೆ ಎರಡಿಂಚು ಉಳಿಯಬೇಕು. ಅಗಲದಲ್ಲಿ ಎರಡೂ ಕಡೆ ನಾಲ್ಕು ಬೆರಳು ಬಿಡಿ, ಇಲ್ಲದಿದ್ದರೆ ಒಳಗೆ ತಳ್ಳುವಾಗ ಬೆರಳು ಸಿಕ್ಕಿಕೊಳ್ಳುತ್ತದೆ. ಸ್ಟ್ಯಾಂಡನ್ನು ಆದಷ್ಟು ಎತ್ತರ ಮಾಡಿಸಿ, ರುಬ್ಬುವಾಗ ಬಗ್ಗುವುದು ಕಡಿಮೆಯಾಗುತ್ತದೆ. ಆದರೆ ಎತ್ತರ ಆದಂತೆ ಬುಡ ಅಗಲ ಇರಬೇಕು, ಇಲ್ಲವಾದರೆ ಎಳೆಯುವಾಗ ಮುಗ್ಗರಿಸುತ್ತದೆ.

ಚಕ್ರ ಚಿಕ್ಕದಿದ್ದರೆ ಟೈಲ್ಸ್ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡಿಂಚಿಗಿಂತ ಕಡಿಮೆ ಬೇಡ, ರಬ್ಬರ್ ಹೊದಿಕೆ ಇರುವುದು ಒಳ್ಳೆಯದು. ನಾಲ್ಕರಲ್ಲಿ ಎರಡಕ್ಕಾದರೂ ಬ್ರೇಕ್ ಇರಲಿ, ಅವೆರಡೂ ಮುಂದುಗಡೆ, ಕಾಲಿಗೆ ಸಿಗುವ ಕಡೆ. ಅಡುಗೆ ಮನೆ ನೆಲ ನೀರು ಹೋಗಲಿ ಅಂತ ಸ್ವಲ್ಪ ಇಳಿಜಾರು ಇರುತ್ತದೆ, ನಮಗೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಚಕ್ರಕ್ಕೆ ಗೊತ್ತಾಗುತ್ತದೆ. ಒಂದು ಗೋಲಿ ಬಿಟ್ಟು ನೋಡಿ, ಯಾವ ಕಡೆ ಉರುಳುತ್ತದೆ ಅಂತ.

ಈಗ ರುಬ್ಬುವ ದಿನ ನಾನು ಸ್ಟ್ಯಾಂಡನ್ನು ಎರಡಡಿ ಹೊರಗೆ ಎಳೆಯುತ್ತೇನೆ, ಕಾಲಿನಿಂದ ಬ್ರೇಕ್ ಒತ್ತುತ್ತೇನೆ, ಪಕ್ಕದಲ್ಲಿ ಒಂದು ಗಿಡ್ಡ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ, ಅಲ್ಲೇ ರುಬ್ಬುತ್ತೇನೆ. ಗ್ರೈಂಡರ್ ಕಟ್ಟೆ ಮೇಲೆ ಬರುವುದೇ ಇಲ್ಲ. ಹಿಟ್ಟನ್ನು ತೆಗೆಯಲು ಪಾತ್ರೆ ಬಗ್ಗಿಸುವುದಿಲ್ಲ, ಮೊದಲು ಸೌಟಿನಲ್ಲಿ ಮುಕ್ಕಾಲು ತೆಗೆದು, ಆಮೇಲೆ ಕಲ್ಲು ತೆಗೆದು, ಕೊನೆಗೆ ಹಗುರವಾದ ಪಾತ್ರೆಯನ್ನು ಮಾತ್ರ ಸಿಂಕಿಗೆ ಒಯ್ಯುತ್ತೇನೆ. ಅತ್ತೆಗೆ ಇದು ತುಂಬಾ ಹಿಡಿಸಿತು. ಮೊದಲು ಒರಳಿನ ಮುಂದೆ ಕೂತು ರುಬ್ಬಿದವರು ಅವರು. "ಕೂತ್ಕೊಂಡು ರುಬ್ಬಿದ್ರೆ ಕೈಗೆ ಹದ ಗೊತ್ತಾಗುತ್ತೆ ಕಣಮ್ಮ" ಅಂದರು, ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಾ.

ಕರೆಂಟಿನ ಮಾತು

ಇಲ್ಲಿ ಜಾಗ್ರತೆ ಬೇಕು. ಅಡುಗೆ ಮನೆಯ ಪ್ಲಗ್ ಪಾಯಿಂಟುಗಳೆಲ್ಲ ಕಟ್ಟೆಯ ಮೇಲೆ ಇರುತ್ತವೆ. ಕೆಳಗಿನ ಗ್ರೈಂಡರಿನ ವೈರು ಅಲ್ಲಿಯವರೆಗೆ ಬಿಗಿಯಾಗಿ ಎಳೆದುಕೊಂಡರೆ ಯಾರಾದರೂ ಎಡವುತ್ತಾರೆ. ಕಟ್ಟೆ ಅಂಚಿನ ಪಕ್ಕದ ಗೋಡೆಯಲ್ಲಿ, ನೀರು ಸಿಡಿಯದ ಕಡೆ, ಎರಡಡಿ ಎತ್ತರಕ್ಕೆ ಒಂದು ಪಾಯಿಂಟ್ ಹಾಕಿಸಿಕೊಂಡೆವು, ಮನೆ ಓನರ್ ಅವರನ್ನು ಕೇಳಿಯೇ. ಮೂರು ಪಿನ್ನಿನದೇ ಇರಲಿ, ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಒದ್ದೆ ಕೈಯಲ್ಲಿ ಮುಟ್ಟುವ ಮಿಷನ್ ಅದು. 30 ಮಿಲಿಆಂಪಿನ ಆರ್‌ಸಿಸಿಬಿ ಮನೆಯ ಮೇನ್ ಬೋರ್ಡಿನಲ್ಲಿ ಇಲ್ಲದಿದ್ದರೆ, ಹೇಗೂ ಎಲೆಕ್ಟ್ರಿಷಿಯನ್ ಬಂದಿರುತ್ತಾರೆ, ಅದನ್ನೂ ಹಾಕಿಸಿಬಿಡಿ. ಕರೆಂಟ್ ಮೈ ಮೂಲಕ ನೆಲಕ್ಕೆ ಹರಿದರೆ ಅದು ತಕ್ಷಣ ಲೈನ್ ಕತ್ತರಿಸುತ್ತದೆ.

ಟೇಬಲ್ ಟಾಪ್ ಗ್ರೈಂಡರಿನ ಮೋಟರ್ ಸಾಮಾನ್ಯವಾಗಿ 150 ವ್ಯಾಟ್ ಅಷ್ಟೇ, ಮಿಕ್ಸಿ 500 ರಿಂದ 750. ಇವಕ್ಕೆ 6 ಆಂಪಿನ ಚಿಕ್ಕ ಪಾಯಿಂಟ್ ಸಾಕು. ಇಂಡಕ್ಷನ್ ಒಲೆ 2000 ವ್ಯಾಟಿನದಾದರೆ 230 ವೋಲ್ಟಿಗೆ ಎಂಟೂವರೆ ಆಂಪ್ ದಾಟುತ್ತದೆ, ಅದಕ್ಕೆ 16 ಆಂಪಿನ ದೊಡ್ಡ ಪಾಯಿಂಟೇ ಬೇಕು. ಓವನ್, ಇಂಡಕ್ಷನ್, ಕೆಟಲ್‌ನಂಥ ಬಿಸಿಯಾಗುವ ಸಾಮಾನನ್ನು ಜಾಗ ಬದಲಾಯಿಸಿದಾಗ ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚುವುದು ಅನೇಕರ ಅಭ್ಯಾಸ. ಬೇಡ. ಪಾಯಿಂಟ್ ಎಲ್ಲಿದೆಯೋ ಅಲ್ಲಿಗೆ ಸಾಮಾನು ಹೋಗಬೇಕು.

ಇನ್ನೊಂದು. ಗ್ಯಾಸ್ ಸಿಲಿಂಡರ್ ಇರುವ ಖಾನೆಯಲ್ಲಿ ಕರೆಂಟಿನ ಸಾಮಾನು, ಪಾಯಿಂಟ್ ಯಾವುದೂ ಇರಬಾರದು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಆ ಖಾನೆಗೆ ಚೆಂದ ಕಾಣಲಿ ಅಂತ ಗಟ್ಟಿ ಬಾಗಿಲು ಹಾಕಿಸಿ ಮುಚ್ಚುವುದೂ ತಪ್ಪು, ನೆಲದ ಹತ್ತಿರ ಗಾಳಿ ಆಡಲು ಕಿಂಡಿ ಇರಲೇಬೇಕು.

ಸ್ವಂತ ಮನೆಯವರು, ಕಬೋರ್ಡ್ ಮಾಡಿಸುವವರು

ಸ್ವಂತ ಮನೆಯಾದರೆ ಎಳೆಯುವ ಟ್ರೇ ಮಾಡಿಸಬಹುದು. ನನ್ನ ತಂಗಿ ಮನೆಗೆ ಹೀಗೆ ಮಾಡಿಸಿದಾಗ ನಾನೂ ಜೊತೆಗಿದ್ದೆ, ಅಲ್ಲಿ ಕಲಿತಿದ್ದು ಇದು. ಡ್ರಾಯರ್ ಜಾರಿ ಹೊರಬರಲು ಎರಡೂ ಪಕ್ಕ ಹಾಕುವ ಲೋಹದ ಪಟ್ಟಿ, ಅಂದರೆ ಟೆಲಿಸ್ಕೋಪಿಕ್ ಚಾನೆಲ್, ಎಷ್ಟು ಕೆಜಿ ತಡೆಯುತ್ತದೆ ಅಂತ ಪ್ಯಾಕಿನ ಮೇಲೆ ಬರೆದಿರುತ್ತದೆ. ಓದದೆ ಹಾಕಿಸಬೇಡಿ. ಹದಿನೈದು ಕೆಜಿ ಸಾಮಾನಿಗೆ ಕಡಿಮೆ ಅಂದರೂ ಅದರ ಎರಡರಷ್ಟು ತಡೆಯುವ ಚಾನೆಲ್ ಇರಲಿ, ಯಾಕೆಂದರೆ ಪೂರ್ತಿ ಹೊರಗೆ ಎಳೆದಾಗ ಭಾರವೆಲ್ಲ ತುದಿಯಲ್ಲಿ ನೇತಾಡುತ್ತದೆ. ಅರ್ಧ ಮಾತ್ರ ಹೊರಬರುವ ಚಾನೆಲ್ ಬೇಡ, ಹಿಂದಿನ ಅರ್ಧ ಸಾಮಾನು ಕತ್ತಲಲ್ಲೇ ಉಳಿಯುತ್ತದೆ.

ಪ್ಲೈವುಡ್ ವಿಷಯದಲ್ಲಿ ಕಾರ್ಪೆಂಟರ್ "ಇದೇ ಸಾಕು ಅಕ್ಕ" ಅಂದರೂ ನೀವು ಹಲಗೆ ಮೇಲಿನ ಸೀಲ್ ನೋಡಿ. ನೀರು ತಾಗುವ ಕಡೆಗೆ ಐಎಸ್ 710 ಅಂತ ಬರೆದ ಮೆರೈನ್ ಪ್ಲೈ ಒಳ್ಳೆಯದು. ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಸಿಂಕಿನ ಹತ್ತಿರ ನೀರು ಕುಡಿದು ಉಬ್ಬುತ್ತದೆ, ಆಮೇಲೆ ಸ್ಕ್ರೂ ಹಿಡಿಯುವುದಿಲ್ಲ. ದಪ್ಪ 18 ಮಿಲಿಮೀಟರ್ ಇರಲಿ. ಹಲಗೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ 12 ಮಿಲಿಮೀಟರಿನ ಹಲಗೆಗಿಂತ 18 ರ ಹಲಗೆ ಮೂರು ಪಟ್ಟಿಗಿಂತ ಹೆಚ್ಚು ಗಟ್ಟಿ. ಉದ್ದದ ಲೆಕ್ಕ ಇನ್ನೂ ದೊಡ್ಡದು. ನಡುವೆ ಭಾರ ಕೂತಿರುವ ನಾಲ್ಕಡಿ ಹಲಗೆಯ ಬದಲು ಎರಡಡಿ ಹಲಗೆ ಹಾಕಿದರೆ ಬಾಗುವುದು ಎಂಟರಲ್ಲಿ ಒಂದು ಪಾಲು ಮಾತ್ರ. ಅದಕ್ಕೆ ಭಾರದ ಸಾಮಾನಿನ ಖಾನೆ ಚಿಕ್ಕದಾಗಿರಲಿ, ಪಕ್ಕದಲ್ಲೇ ಆಸರೆ ಇರಲಿ. ಉದ್ದ ಹಲಗೆ ಈಗಾಗಲೇ ಇದ್ದರೆ ಭಾರವನ್ನು ನಡುವೆ ಇಡಬೇಡಿ, ಆಸರೆಯ ಹತ್ತಿರ, ತುದಿಗೆ ಸರಿಸಿ. ಖರ್ಚಿಲ್ಲದ ಕೆಲಸ, ಇವತ್ತೇ ಮಾಡಬಹುದು.

ಮೈಕ್ರೋವೇವ್

ಇದನ್ನು ಫ್ರಿಜ್ ಮೇಲೆ ಇಡುವವರು ತುಂಬಾ ಜನ. ನಾವೂ ಹದಿನೈದು ದಿನ ಇಟ್ಟೆವು. ಬಿಸಿ ಹಾಲಿನ ಬಟ್ಟಲನ್ನು ಕಣ್ಣಿನ ಮಟ್ಟದಿಂದ ಇಳಿಸಬೇಕಾಗುತ್ತಿತ್ತು, ಅತ್ತೆಗಂತೂ ತಲೆಗಿಂತ ಮೇಲೆ. ಒಂದು ದಿನ ಹಾಲು ಅವರ ಮುಂಗೈ ಮೇಲೆ ಚೆಲ್ಲಿತು. ಅವತ್ತೇ ಇಳಿಸಿದೆ. ಮೈಕ್ರೋವೇವಿನ ತಳ ನಿಮ್ಮ ಮನೆಯ ದೊಡ್ಡವರಲ್ಲಿ ಎಲ್ಲರಿಗಿಂತ ಗಿಡ್ಡ ಇರುವವರ ಎದೆಮಟ್ಟಕ್ಕಿಂತ ಕೆಳಗೇ ಇರಬೇಕು. ನಾವು ಅಡುಗೆ ಮನೆಯ ಹೊರಗೆ, ಊಟದ ಜಾಗದಲ್ಲಿ ಒಂದು ಕಬ್ಬಿಣದ ಸ್ಟ್ಯಾಂಡ್ ಮೇಲೆ ಇಟ್ಟಿದ್ದೇವೆ, ಕೆಳಗಿನ ಖಾನೆಯಲ್ಲಿ ರಾಗಿ ಹಿಟ್ಟಿನ ಡಬ್ಬ, ಅಕ್ಕಿ ಡಬ್ಬ. ಕೆಳಗೆ ಭಾರ ಇರುವುದರಿಂದ ಸ್ಟ್ಯಾಂಡ್ ಅಲ್ಲಾಡುವುದಿಲ್ಲ. ದಿನಕ್ಕೊಮ್ಮೆಯೂ ಬಳಸದ ಸಾಮಾನು ಅಡುಗೆ ಮನೆಯಲ್ಲೇ ಇರಬೇಕು ಅಂತ ಯಾವ ನಿಯಮವೂ ಇಲ್ಲ.

ಗೋಡೆಗೆ ಬ್ರಾಕೆಟ್ ಹೊಡೆಸುವುದಾದರೆ ಗೋಡೆ ಯಾವುದು ಅಂತ ನೋಡಿಕೊಳ್ಳಿ. ಗಟ್ಟಿ ಇಟ್ಟಿಗೆ ಗೋಡೆಯಲ್ಲಿ ಆಂಕರ್ ಬೋಲ್ಟ್ ಚೆನ್ನಾಗಿ ಹಿಡಿಯುತ್ತದೆ, ಒಳಗೆ ಟೊಳ್ಳಿರುವ ಹಾಲೋ ಬ್ಲಾಕಿನಲ್ಲಿ ಸಾಮಾನ್ಯ ಬೋಲ್ಟ್ ಸಡಿಲ ಆಗುತ್ತದೆ. ಹಿಂದೆ, ಮೇಲೆ, ಪಕ್ಕದಲ್ಲಿ ಗಾಳಿ ಆಡಲು ಎಷ್ಟು ಜಾಗ ಬಿಡಬೇಕು ಅಂತ ಅದರ ಪುಸ್ತಕದಲ್ಲಿ ಇರುತ್ತದೆ, ಅಷ್ಟು ಬಿಡಿ. ಮೇಲೆ ಬಟ್ಟೆ ಹೊದಿಸಿ ಕಿಂಡಿ ಮುಚ್ಚಬೇಡಿ.

ಒಳಗಿಡುವ ಮುಂಚೆ ಒಣಗಿಸಿ

ಕಟ್ಟೆ ಮೇಲಿದ್ದಾಗ ಗಾಳಿಗೆ ತಾನಾಗೇ ಒಣಗುತ್ತಿದ್ದದ್ದು ಖಾನೆಯೊಳಗೆ ಒಣಗುವುದಿಲ್ಲ. ಗ್ರೈಂಡರಿನ ಕಲ್ಲಿನ ಸಂದಿಯಲ್ಲಿ ಒಂದು ಚಮಚ ಹಿಟ್ಟು ಉಳಿದರೆ ಸಾಕು, ಮೂರು ದಿನಕ್ಕೆ ಹುಳಿ ವಾಸನೆ, ನಾಲ್ಕನೇ ದಿನಕ್ಕೆ ಜಿರಳೆ. ತೊಳೆದ ಮೇಲೆ ಕಲ್ಲನ್ನು ಹೊರಗೆ ತೆಗೆದು, ಪಾತ್ರೆ ಬೋರಲು ಹಾಕಿ, ಒಂದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ಜೋಡಿಸಿ ಒಳಗೆ ತಳ್ಳುತ್ತೇನೆ. ಮೇಲೆ ಪ್ಲಾಸ್ಟಿಕ್ ಕವರ್ ಹಾಕುವುದಿಲ್ಲ, ಒಳಗೆ ಪಸೆ ನಿಲ್ಲುತ್ತದೆ. ಅತ್ತೆಯ ಹಳೆಯ ಹತ್ತಿ ಸೀರೆಯ ತುಂಡೊಂದನ್ನು ಹೊದಿಸುತ್ತೇನೆ.

ನಮ್ಮ ಏರಿಯಾಕ್ಕೆ ಬರುವುದು ಬೋರ್‌ವೆಲ್ ನೀರು, ಗಡಸು. ಪಾತ್ರೆಯ ತಳದಲ್ಲಿ, ನಡುವಿನ ಕಂಬದ ಬುಡದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಬೆರಳಲ್ಲಿ ಮುಟ್ಟಿದರೆ ಒರಟು, ಉಗುರಿಗೆ ಬರುವುದಿಲ್ಲ. ಸಾರಿಗೆ ಹಿಂಡಿದ ಹುಣಸೆ ಚರಟವನ್ನು ಎಸೆಯದೆ ಅದಕ್ಕೆ ಉಜ್ಜಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಹುಳಿಗೆ ಆ ಪೊರೆ ಕರಗುತ್ತದೆ. ತಿಂಗಳಿಗೊಮ್ಮೆ ಮಾಡಿದರೆ ಸಾಕು.

ವೈರನ್ನು ಮಿಷನ್ನಿಗೆ ಬಿಗಿಯಾಗಿ ಸುತ್ತಬೇಡಿ, ಬುಡದಲ್ಲಿ ಮುರಿಯುತ್ತದೆ. ಸಡಿಲವಾಗಿ ಮಡಚಿ ಒಂದು ಬಟ್ಟೆ ದಾರ ಕಟ್ಟಿ. ಸ್ಟ್ಯಾಂಡ್ ತಳ್ಳುವಾಗ ಚಕ್ರದ ಕೆಳಗೆ ವೈರ್ ಸಿಗದ ಹಾಗೆ ಮೇಲಕ್ಕೆ ಸಿಕ್ಕಿಸಿ.

ಎತ್ತಲೇಬೇಕಾಗಿ ಬಂದರೆ, ಮನೆ ಬದಲಾಯಿಸುವಾಗಲೋ ರಿಪೇರಿಗೆ ಒಯ್ಯುವಾಗಲೋ, ಮೊದಲು ಬಿಚ್ಚುವುದನ್ನೆಲ್ಲ ಬಿಚ್ಚಿ. ಸೊಂಟ ಬಗ್ಗಿಸಬೇಡಿ, ಮಂಡಿ ಮಡಚಿ ಕುಕ್ಕರಗಾಲಿನಲ್ಲಿ ಕೂತು, ಸಾಮಾನನ್ನು ಹೊಟ್ಟೆಗೆ ಅಪ್ಪಿಕೊಂಡು ಏಳಿ. ಎದ್ದ ಮೇಲೆ ಮೈ ತಿರುಚಬೇಡಿ, ಕಾಲನ್ನೇ ತಿರುಗಿಸಿ. ಇಬ್ಬರಿದ್ದರೆ ಇಬ್ಬರೂ ಹಿಡಿಯಿರಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಹಿತ್ತಲಿನಲ್ಲಿ ಹಳೆಯ ಒರಳುಕಲ್ಲು ಇದ್ದರೆ ಅದು ಇರುವಲ್ಲೇ ಇರಲಿ, ಅದನ್ನು ಸರಿಸುವುದು ಮನೆಯವರ ಕೆಲಸವಲ್ಲ.

ಎಲ್ಲಾ ಮುಗಿದ ಮೇಲೆ ಟೇಪ್ ಹಿಡಿದು ಅಳೆದೆ. ಒಲೆಯ ಎಡಗಡೆ ಮೂರಡಿ ಎರಡಿಂಚು ಖಾಲಿ ಕಟ್ಟೆ. ಅಷ್ಟರಲ್ಲಿ ಮುದ್ದೆ ಮಣೆ, ನೀರಿನ ಬಟ್ಟಲು, ನಾಲ್ಕು ತಟ್ಟೆ ಸಾಲಾಗಿ ಕೂರುತ್ತವೆ. ಆ ಜಾಗದಲ್ಲಿ ಸಂಜೆ ಏಳರ ನಂತರ ಯಾರೂ ಏನೂ ಇಡಬಾರದು ಅಂತ ಅತ್ತೆ ಹೇಳಿದ್ದಾರೆ, ಮಗ ತನ್ನ ನೀರಿನ ಬಾಟಲಿಯನ್ನೂ ಈಗ ಫಿಲ್ಟರಿನ ಕಡೆಗೇ ಇಡುತ್ತಾನೆ.